ಅತ್ತೆಯ ಹಲ್ಲುಪುಡಿ

ನಮ್ಮ ಮನೆಯ ಗ್ಯಾರೇಜಿನ ಪಕ್ಕದಲ್ಲಿ ಕಸದ ಡಬ್ಬಿಗಳನ್ನು ನಿಲ್ಲಿಸುವ ಕಿರಿದಾದ ಜಾಗವಿದೆ. ಕಪ್ಪು, ನೀಲಿ, ಹಸಿರು ಡಬ್ಬಿಗಳು ಸಾಲಾಗಿ ನಿಂತ ಮೇಲೆ, ಕೊನೆಯ ಡಬ್ಬಿಗೂ ಮರದ ಬೇಲಿಗೂ ನಡುವೆ ಒಬ್ಬರು ನಿಲ್ಲುವಷ್ಟು ಸಂದು ಉಳಿಯುತ್ತದೆ. ಸ್ಕ್ರಿಪ್ಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಈ ಮನೆ ಕೊಳ್ಳುವಾಗ ನನ್ನ ಗಂಡ ಸ್ಕೂಲು ಹೇಗಿದೆ, ಆಫೀಸಿಗೆ ಎಷ್ಟು ಹೊತ್ತಿನ ಡ್ರೈವ್ ಎಂದೆಲ್ಲ ವಿಚಾರಿಸಿದ್ದ. ನಾನು ನೋಡಿಟ್ಟುಕೊಂಡದ್ದು ಆ ಸಂದನ್ನು. ಅಲ್ಲಿ ನಿಂತರೆ ಅಡುಗೆಮನೆಯ ಕಿಟಕಿಯಿಂದ ಕಾಣುವುದಿಲ್ಲ, ಪಕ್ಕದ ಮನೆಯವರಿಗೂ ಕಾಣುವುದಿಲ್ಲ. ವರ್ಷಗಟ್ಟಲೆ ನಾನು ಸಿಗರೇಟು ಸೇದಿದ್ದು ಅಲ್ಲೇ, ಕೊಳೆತ ಹುಲ್ಲು ಮತ್ತು ತರಕಾರಿ ಸಿಪ್ಪೆಗಳ ವಾಸನೆಯ ನಡುವೆ. ಸುತ್ತ ನೀಲಗಿರಿ ಮರಗಳಿರುವುದರಿಂದ ಕಿಡಿ ಬೀಳದಂತೆ ಒಂದು ಟಿನ್ನಿನಲ್ಲಿ ನೀರು ಇಟ್ಟುಕೊಂಡಿರುತ್ತಿದ್ದೆ. ಹಿಂದೊಮ್ಮೆ ಕಾಡ್ಗಿಚ್ಚಿಗೆ ನೂರಾರು ಮನೆ ಸುಟ್ಟುಹೋದ ಈ ಬಡಾವಣೆಯಲ್ಲಿ ಬೆಂಕಿಯ ಹೆಸರೆತ್ತಿದರೆ ಜನ ಬೆಚ್ಚುತ್ತಾರೆ.

ನಮ್ಮ ಕನ್ನಡದವರ ಮನೆಗಳಲ್ಲಿ ಗಂಡಸರು ಸೇದುವುದಕ್ಕೆ ಒಂದು ಮರ್ಯಾದೆ ಇದೆ. ಶನಿವಾರ ಯಾರದಾದರೂ ಮನೆಯಲ್ಲಿ ಊಟ ಮುಗಿದ ಮೇಲೆ ಇಬ್ಬರು ಮೂವರು 'ಸ್ವಲ್ಪ ಗಾಳಿಗೆ' ಅಂತ ಹಿತ್ತಲಿಗೆ ಹೋಗುತ್ತಾರೆ. ಒಳಗೆ ಅವರ ಹೆಂಡತಿಯರು, "ಇವರದ್ದು ಈ ಒಂದು ಚಟ ಮಾತ್ರ ಬಿಡ್ಸಕ್ಕಾಗ್ಲಿಲ್ಲ ನೋಡಿ" ಎಂದು ನಗುತ್ತಾರೆ. ಅದೇ ಹೆಂಗಸರಿಗೆ ನನ್ನ ಕುರ್ತಾದಿಂದ ಆ ವಾಸನೆ ಬಡಿದಿದ್ದರೆ ಚಟ ಎಂದು ಸುಮ್ಮನಾಗುತ್ತಿರಲಿಲ್ಲ, ಬೇರೆ ಮಾತು ಹುಡುಕುತ್ತಿದ್ದರು. ಹಾಗಾಗಿ ಈ ಊರಿನ ಕನ್ನಡದವರಲ್ಲಿ ನನ್ನ ಸಿಗರೇಟಿನ ವಿಷಯ ಗೊತ್ತಿದ್ದದ್ದು ಗಂಡನಿಗೆ ಮತ್ತು ಮಗಳಿಗೆ ಮಾತ್ರ.

ಶುರುವಾದದ್ದು ಲಾಸ್ ಏಂಜಲೀಸ್‌ನಲ್ಲಿ, ನಾನು ಪಿಎಚ್.ಡಿ. ಮಾಡುತ್ತಿದ್ದಾಗ. ಲ್ಯಾಬಿನಿಂದ ಹೊರಗೆ ಹೋಗಲು ನಮ್ಮ ಪ್ರೊಫೆಸರು ಒಪ್ಪುತ್ತಿದ್ದ ಕಾರಣ ಅದೊಂದೇ. ಊಟಕ್ಕೆ ಎದ್ದರೆ ಮುಖ ಗಂಟು ಹಾಕುತ್ತಿದ್ದ ಮನುಷ್ಯ ಸಿಗರೇಟಿಗೆ ಎದ್ದರೆ ತಾನೂ ಜೊತೆಗೆ ಬರುತ್ತಿದ್ದ. ನನ್ನ ಗಂಡನೂ ಅದೇ ಕ್ಯಾಂಪಸ್ಸಿನಲ್ಲಿ ಸಿಕ್ಕಿದವನು. ಅವನು ಬೈಲಹೊಂಗಲದ ಕಡೆಯವನು, ನಾನು ಮೈಸೂರಿನವಳು. ಮದುವೆಗೆ ಮುಂಚೆ ನಾನು ಸೇದುವುದು ಅವನಿಗೆ ಚೆಂದ ಕಾಣುತ್ತಿತ್ತು. ಮದುವೆಯಾದ ಮೇಲೆ ನಿಯಮಗಳು ಬಂದವು. ಮನೆಯೊಳಗೆ ವಾಸನೆ ಬರಕೂಡದು. ಸೇದಿ ಬಂದ ಮೇಲೆ ತಲೆಗೆ ಎರಡು ಸಲ ಶಾಂಪೂ ಹಾಕಿ ತೊಳೆಯದೆ ಮಲಗುವ ಕೋಣೆಗೆ ಕಾಲಿಡಕೂಡದು. ಅವನ ಅವ್ವ ಊರಿನಿಂದ ಬಂದಾಗಂತೂ ಆ ಸಂದಿನ ಕಡೆ ತಲೆಯನ್ನೂ ಹಾಕಕೂಡದು.

ನಾನು ಒಪ್ಪಿಕೊಂಡು ನಡೆದೆ. ಈಗ ಯೋಚಿಸಿದರೆ ಮೈ ಉರಿಯುತ್ತದೆ. ಆಗ ಅದನ್ನು ಪ್ರೀತಿ ಅಂದುಕೊಂಡಿದ್ದೆ.

ಕೋವಿಡ್ ಬಂದು ಎಲ್ಲರೂ ಮನೆ ಸೇರಿದಾಗ ಅವನು ಇಡೀ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿನಲ್ಲಿರುತ್ತಿದ್ದ. ನಾನು ಗ್ಯಾರೇಜಿನ ಬಾಗಿಲು ತೆರೆದ ಸದ್ದು ಕೇಳಿದರೆ ಮೈಕು ಮ್ಯೂಟ್ ಮಾಡಿ, "ಮತ್ತ?" ಎನ್ನುತ್ತಿದ್ದ. ಆಮೇಲೆ ಇಬ್ಬರಿಗೂ ಕೋವಿಡ್ ಬಂತು. ಅವನಿಗೆ ನೆಗಡಿಯಂತೆ ಬಂದು ಹೋಯಿತು. ನನ್ನದು ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಯಿತು. ಸಾರಿನ ಒಗ್ಗರಣೆ ಗೊತ್ತಾಗುತ್ತಿರಲಿಲ್ಲ, ಹಾಲು ಒಡೆದದ್ದು ಗೊತ್ತಾಗುತ್ತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಅರ್ಧ ವಾಪಸು ಬಂತು, ಉಳಿದರ್ಧ ಇವತ್ತಿಗೂ ಪೂರ್ತಿ ಬಂದಿಲ್ಲ. ಈ ಮೂಗಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದರ ಹಿಂದೆಯೇ ಬೆನ್ನು ಕೈಕೊಟ್ಟಿತು. ಸೊಂಟದ ಹತ್ತಿರ ಒಂದು ಮೂಳೆ ಇನ್ನೊಂದರ ಮೇಲಿಂದ ಜಾರಿತ್ತು. ನನ್ನ ಕೆಲಸ ಬಯೋಟೆಕ್ ಕಂಪನಿಯ ಲ್ಯಾಬಿನಲ್ಲಿ, ನಿಂತೇ ಮಾಡಬೇಕಾದದ್ದು. ನಿಂತ ಸ್ವಲ್ಪ ಹೊತ್ತಿಗೆ ಎಡಗಾಲು ಜೋಮು ಹಿಡಿದು ನನ್ನದಲ್ಲವೆನಿಸುತ್ತಿತ್ತು. ನಮ್ಮ ಮಾಮೂಲು ಡಾಕ್ಟರು, ಇವತ್ತಲ್ಲ ನಾಳೆ ಆಪರೇಷನ್ ಬೇಕಾಗುತ್ತದೆ, ಅಷ್ಟರಲ್ಲಿ ಸಿಗರೇಟು ಬಿಡಿ ಎಂದರು. ಮೂಳೆ ಕೂಡುವುದಕ್ಕೆ ಅದು ಶತ್ರು ಎಂದರು. ನನಗೆ ಕಾಲು ಬೇಕಿತ್ತು. ಬಿಡುತ್ತೇನೆ ಎಂದೆ.

ಬಿಡುವವರಿಗೆ ಇಲ್ಲಿನ ಅಂಗಡಿಗಳಲ್ಲಿ ಒಂದು ಗೋಡೆಯೇ ಮೀಸಲು. ಮೊದಲು ಪ್ಯಾಚ್ ತಂದೆ. ತೋಳಿಗೆ ಅಂಟಿಸಿಕೊಂಡರೆ ನಿಕೋಟಿನ್ ಚರ್ಮದೊಳಗಿಂದ ನಿಧಾನ ಇಳಿಯುತ್ತದಂತೆ. ಇಳಿಯಿತೋ ಇಲ್ಲವೋ, ನವೆ ಮಾತ್ರ ಜೋರಾಗಿಯೇ ಆಯಿತು. ಯುಗಾದಿಗೆ ಲಾಸ್ ಏಂಜಲೀಸ್ ಹತ್ತಿರದ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋದಾಗ ರವಿಕೆಯ ತೋಳಿನ ಕೆಳಗಿಂದ ಅದರ ಅಂಚು ಇಣುಕಿತು. ಪ್ರಸಾದದ ಸಾಲಿನಲ್ಲಿ ಹಿಂದಿದ್ದ ಆಂಟಿಯೊಬ್ಬರು, "ಏನಮ್ಮಾ ಇದು, ಗಾಯ ಮಾಡ್ಕೊಂಡಿದ್ದೀಯ?" ಎಂದು ಕೈಯಿಟ್ಟೇ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ನನ್ನ ಗಂಡ, "ಕೋವಿಡ್ ಬೂಸ್ಟರ್ ರೀ ಆಂಟಿ, ನಿನ್ನೆ ತೊಗೊಂಡಾಳ" ಎಂದ. ಆಂಟಿ ಅರಿಶಿನದ ಹಾಲು ಕುಡಿಯಲು ಹೇಳಿದರು. ಸುಳ್ಳು ಎಷ್ಟು ಸಲೀಸಾಗಿ ಬಂತು ಅವನಿಗೆ! ದಾರಿಯಲ್ಲಿ ಕಾರಿನಲ್ಲಿ ಅದಕ್ಕೆ ಇಬ್ಬರೂ ನಕ್ಕಿದ್ದೆವು. ಅಷ್ಟೊಂದು ನಗಬಾರದಿತ್ತು.

ಆಮೇಲೆ ನಿಕೋಟಿನ್ ಇರುವ ಚ್ಯೂಯಿಂಗ್ ಗಮ್. ಅದನ್ನು ಜಗಿಯುವುದಕ್ಕೂ ಒಂದು ಶಾಸ್ತ್ರವಿದೆ. ನಾಲ್ಕು ಸಲ ಜಗಿದು, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆಯಲ್ಲಿ ಇಟ್ಟುಕೊಂಡು ಕಾಯಬೇಕು. ನಾನು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುವ ಮನೆಯಿಂದ ಬಂದವಳು. ಎಲೆ ಅಡಿಕೆ ಜಗಿದಂತೆಯೇ ಇದನ್ನೂ ಚೆನ್ನಾಗಿ ಜಗಿದು ರಸ ನುಂಗಿದೆ. ಮೀಟಿಂಗಿನ ನಡುವೆ ಬಿಕ್ಕಳಿಕೆ ಹತ್ತಿತು. ಎದೆಯಲ್ಲಿ ಉರಿ, ತಲೆ ಗಿರ್ರೆಂದಿತು. ನಾನು ಹೇಳಬೇಕಿದ್ದ ನಾಲ್ಕು ಮಾತನ್ನು ಬಿಕ್ಕುತ್ತ ಹೇಳಿ ಮುಗಿಸಿದೆ. ನಿಕೋಟಿನ್ ಹೊಟ್ಟೆಗೆ ಇಳಿದರೆ ನನಗೆ ಬಿಕ್ಕಳಿಕೆ ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ಲ್ಯಾಬಿನ ಹುಡುಗಿಯೊಬ್ಬಳು ತನ್ನ ವೇಪ್, ಅಂದರೆ ಬ್ಯಾಟರಿ ಸಿಗರೇಟು, ತೋರಿಸಿದಳು, ಮಾವಿನ ಹಣ್ಣಿನ ವಾಸನೆಯದು. ಮೂಗೇ ಇಲ್ಲದವಳಿಗೆ ಮಾವೇನು, ಬೇವೇನು! ಅಷ್ಟರಲ್ಲಿ ರಾಜ್ಯದವರು ಸುವಾಸನೆಯ ತಂಬಾಕನ್ನೆಲ್ಲ ನಿಷೇಧಿಸಿದರು, ಆ ದಾರಿ ಮುಚ್ಚಿತು. ಇನ್ನೊಬ್ಬ ಸಹೋದ್ಯೋಗಿ ತುಟಿಯ ಕೆಳಗಿಟ್ಟುಕೊಳ್ಳುವ, ನಿಕೋಟಿನ್ ತುಂಬಿದ ಪುಟ್ಟ ಬಿಳಿ ಚೀಲಗಳ ಡಬ್ಬಿ ಮುಂದೆ ಮಾಡಿದ. ಮೈಸೂರಿನಲ್ಲಿ ನಮ್ಮ ಬೀದಿಗೆ ಹೂ ತರುತ್ತಿದ್ದಾಕೆ ಎಲೆ ಅಡಿಕೆಯೊಳಗೆ ತಂಬಾಕಿನ ಕಡ್ಡಿಪುಡಿ ಸೇರಿಸಿ ದವಡೆಗೆ ಒತ್ತಿಕೊಳ್ಳುತ್ತಿದ್ದಳು. ಅದನ್ನೇ ಇಲ್ಲಿ ತೊಳೆದು, ಬಿಳುಪು ಮಾಡಿ, ಪುದೀನ ಹಾಕಿ, ಚೆಂದದ ಡಬ್ಬಿಯಲ್ಲಿ ಮಾರುತ್ತಾರೆ ಅನ್ನಿಸಿ ನಗು ಬಂತು. ನಾನು ಅಷ್ಟು ಬುದ್ಧಿವಂತೆ, ಅವತ್ತು.

ಕಡೆಗೆ ಗಮ್ಮೇ ಗತಿ ಎಂದು ಅದರ ಶಾಸ್ತ್ರವನ್ನು ಕಲಿತುಕೊಂಡೆ. ಸಿಗರೇಟು ನಿಂತಿತು. ಕಸದ ಡಬ್ಬಿಯ ಸಂದಿನಲ್ಲಿದ್ದ ನೀರಿನ ಟಿನ್ನನ್ನು ನಾನೇ ಎಸೆದೆ. ಗಂಡ ಆ ದಿನ ಕೇಸರಿಬಾತು ಮಾಡಿದ. ನನಗೆ ಹೆಮ್ಮೆಯಾಗಿತ್ತು, ಅವನಿಗೂ ಆಗಿತ್ತು, ಇಲ್ಲ ಎನ್ನುವುದಿಲ್ಲ.

ಆ ಹೊತ್ತಿಗೆ ಅತ್ತೆ ಆರು ತಿಂಗಳಿಗೆಂದು ಊರಿನಿಂದ ಬಂದಿದ್ದರು. ಅವರು ಹೆಚ್ಚು ಮಾತಿನವರಲ್ಲ. ಬೆಳಗ್ಗೆ ಎದ್ದ ಕೂಡಲೇ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ಸ್ಟೀಲಿನ ಚಿಕ್ಕ ಡಬ್ಬಿಯಿಂದ ಕರಿಯ ಪುಡಿ ತೆಗೆದು ಹಲ್ಲಿಗೂ ವಸಡಿಗೂ ತಿಕ್ಕುತ್ತಿದ್ದರು, ಬಹಳ ಹೊತ್ತು, ಏನೋ ಯೋಚಿಸುತ್ತಿರುವವರಂತೆ. ಊಟವಾದ ಮೇಲೆ ಇನ್ನೊಂದು ಸಲ. ಮಲಗುವ ಮುಂಚೆ ಮತ್ತೊಂದು ಸಲ. ಇಷ್ಟು ಶುಚಿಯಾಗಿರುವವರನ್ನು ನಾನು ನೋಡೇ ಇಲ್ಲ ಅಂದುಕೊಂಡೆ. ಮೈಸೂರಿನಲ್ಲಿ ನನ್ನ ಅಜ್ಜಿಯೂ ಇದ್ದಿಲು ಕುಟ್ಟಿ, ಉಪ್ಪು ಬೆರೆಸಿ, ಹೀಗೇ ಕರಿ ಹಲ್ಲುಪುಡಿ ಮಾಡುತ್ತಿದ್ದಳು. ಬೆಳಗಾವಿ ಕಡೆಯ ಇದ್ದಿಲು ಸ್ವಲ್ಪ ನುಣ್ಣಗಿದೆ ಅಷ್ಟೆ ಎಂದು ನನ್ನ ಲೆಕ್ಕ.

ಆಪರೇಷನ್ ಮಾಡುವ ಸರ್ಜನ್ನನ್ನು ನೋಡಲು ಹೋದಾಗ ಅವರು ನನ್ನ ಎಕ್ಸ್‌ರೇಗಿಂತ ಹೆಚ್ಚು ಹೊತ್ತು ನನ್ನ ಕೆನ್ನೆಯನ್ನೇ ನೋಡಿದರು. ಏನು ಜಗಿಯುತ್ತಿದ್ದೀರಿ ಎಂದು ಕೇಳಿದರು. ಹೆಮ್ಮೆಯಿಂದ ಹೇಳಿದೆ. ಅದೂ ಆಗುವುದಿಲ್ಲ ಎಂದರು. ಸಿಗರೇಟು, ಗಮ್, ಪ್ಯಾಚ್ ಯಾವುದೂ ಆಗದು. ನಿಕೋಟಿನ್ ಯಾವ ದಾರಿಯಿಂದ ಬಂದರೂ ರಕ್ತನಾಳ ಬಿಗಿಯುತ್ತದೆ, ಸ್ಕ್ರೂ ಹಾಕಿದರೂ ಮೂಳೆ ಕೂಡುವುದಿಲ್ಲ. ಆಪರೇಷನ್ನಿಗೆ ಮುಂಚೆ ರಕ್ತದಲ್ಲಿ ಕೊಟಿನೀನ್ ಟೆಸ್ಟ್ ಮಾಡುತ್ತೇವೆ, ಅದು ಬಂದರೆ ದಿನ ರದ್ದು. ಕೊಟಿನೀನ್ ಎಂದರೆ ನಿಕೋಟಿನ್ ದೇಹದೊಳಗೆ ಹೋದ ಮೇಲೆ ಬಿಟ್ಟುಹೋಗುವ ಗುರುತು. ಅದನ್ನು ಅವರು ನನಗೆ ವಿವರಿಸಬೇಕಾಗಿರಲಿಲ್ಲ, ಇಂಥ ಟೆಸ್ಟುಗಳನ್ನು ತಯಾರಿಸುವುದೇ ನನ್ನ ಹೊಟ್ಟೆಪಾಡು.

ಆ ದಿನವೇ ಗಮ್ ನಿಲ್ಲಿಸಿದೆ. ಸಿಗರೇಟು ಬಿಟ್ಟಾಗ ಗಮ್ ಇತ್ತು, ಗಮ್ ಬಿಟ್ಟಾಗ ಏನೂ ಇರಲಿಲ್ಲ. ಚಪಾತಿ ಹಿಟ್ಟು ಕಲಸುತ್ತ ಅಳು ಬರುತ್ತಿತ್ತು. ನಲ್ಲಿ ತೊಟ್ಟಿಕ್ಕಿದರೆ ಯಾರನ್ನಾದರೂ ಹೊಡೆಯಬೇಕೆನಿಸುತ್ತಿತ್ತು. ಗಂಡ ಮೀಟಿಂಗಿನಲ್ಲಿ ನಗುವುದು ಕೇಳಿದರೆ ಆ ನಗುವನ್ನು ಕಿತ್ತು ಹಸಿರು ಡಬ್ಬಿಗೆ ಹಾಕಬೇಕೆನಿಸುತ್ತಿತ್ತು. ಅವನು ಹೇಳಿದ್ದು ಒಂದೇ ಮಾತು: "ಇಷ್ಟು ದಿನ ಆತು, ಇನ್ನ ಏನು?"

ಆಗ ಒಂದು ಮಧ್ಯಾಹ್ನ ನಾನು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕುಳಿತರು.

"ಯಾಕವ್ವಾ, ಮಾರಿ ಹಿಂಗ ಬಾಡಿಸ್ಕೊಂಡಿ?"

"ಏನೋ ಒಂಥರಾ ಆಗ್ತಿದೆ ಅತ್ತೆ. ಬಾಯಿಗೆ ಏನಾದ್ರೂ ಬೇಕು ಅನ್ಸತ್ತೆ, ಆದ್ರೆ ತಿನ್ನೋದಲ್ಲ."

ಅವರು ಸೆರಗಿನ ಗಂಟಿನಿಂದ ಡಬ್ಬಿ ತೆಗೆದರು. "ಇದನ್ನೊಂದೀಟು ವಸಡಿಗೆ ತಿಕ್ಕು. ನುಂಗಬ್ಯಾಡ, ಉಗುಳು. ಶಾಂತ ಆಕ್ಕೈತಿ."

ತಿಕ್ಕಿದೆ. ನನ್ನ ಮೂಗಿಗೆ ಯಾವ ವಾಸನೆಯೂ ತಿಳಿಯಲಿಲ್ಲ. ನುಂಗಬೇಡ ಎಂದರೂ ಸ್ವಲ್ಪ ಒಳಗೆ ಹೋಯಿತು. ಬಿಕ್ಕಳಿಕೆ ಹತ್ತಿತು, ತಲೆ ಒಂದು ಸುತ್ತು ತಿರುಗಿತು. ಆಮೇಲೆ ವಾರಗಳಿಂದ ಬಿಗಿದುಕೊಂಡಿದ್ದ ಹೆಗಲು ಸಡಿಲವಾಯಿತು. ಸದ್ಯ, ಕೈಗೆ ಬಾಯಿಗೆ ಕೆಲಸ ಸಿಕ್ಕಿತು, ಮನಸ್ಸು ತಿರುಗಿತು ಎಂದುಕೊಂಡೆ. ಚಟ ಬಿಡುವವರಿಗೆ ಎಲ್ಲರೂ ಹೇಳುವುದು ಅದನ್ನೇ ತಾನೆ, ಕೈಗೆ ಬಾಯಿಗೆ ಏನಾದರೂ ಕೊಡಿ ಅಂತ. ಅಂದಿನಿಂದ ನಾನೂ ಅತ್ತೆಯೂ ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಮೆಟ್ಟಿಲ ಮೇಲೆ ಜೊತೆಗೆ ಕುಳಿತೆವು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾವಿಬ್ಬರು ಅಷ್ಟು ಹತ್ತಿರ ಕುಳಿತದ್ದೇ ಇಲ್ಲ. ಗಂಡ ಕಿಟಕಿಯಿಂದ ನೋಡಿ, "ಭಾರಿ ಜೋಡಿ ಆಗೀರಿ ಇಬ್ಬರೂ" ಎಂದು ಖುಷಿಪಟ್ಟ. ನನ್ನ ಬೆರಳು ಕಪ್ಪಾಗಿದ್ದನ್ನು, ವಸಡು ಕಪ್ಪಾಗಿದ್ದನ್ನು ಅವನು ಕಣ್ಣಾರೆ ನೋಡಿದ್ದ.

ಟೆಸ್ಟಿಗೆ ರಕ್ತ ಕೊಟ್ಟು ಬಂದೆ. ಆಪರೇಷನ್ನಿಗೆ ಮುಂಚಿನ ವಾರ ನರ್ಸ್ ಫೋನ್ ಮಾಡಿದಳು. ಕೊಟಿನೀನ್ ಪಾಸಿಟಿವ್ ಬಂದಿದೆ, ಅದೂ ದಿನಾ ಬಳಸುವವರ ಮಟ್ಟದಲ್ಲಿ. ಡಾಕ್ಟರು ದಿನ ರದ್ದು ಮಾಡಿದ್ದಾರೆ. ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಇಂಥವರನ್ನು ಬಹಳ ನೋಡಿದ್ದೇನೆ ಎನ್ನುವ ಮೃದುತನವಿತ್ತು, ಅದು ಬೈಗುಳಕ್ಕಿಂತ ಕಷ್ಟ.

ಹೇಳಿದ ಕೂಡಲೇ ಗಂಡ ಸೀದಾ ಗ್ಯಾರೇಜಿಗೆ ಹೋದ. ನನ್ನ ಕಾರಿನ ಸೀಟಿನ ಕೆಳಗೆ ಟಾರ್ಚು ಬಿಟ್ಟು ನೋಡಿದ, ಸೀಟ್‌ಬೆಲ್ಟನ್ನು ಮೂಗಿಗೆ ಹಿಡಿದ. ಹಸಿರು ಡಬ್ಬಿಯ ಹಿಂದಿನ ಸಂದಿನಲ್ಲಿ ಬಗ್ಗಿ ನೆಲ ಹುಡುಕಿದ. ಬೆನ್ನು ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.

"ಎಲ್ಲಿ ಸೇದತಿ ಹೇಳಿಬಿಡು. ಆಫೀಸಿನ್ಯಾಗೇನು?"

"ಸೇದಿಲ್ಲ ಕಣೋ. ಒಂದೂ ಸೇದಿಲ್ಲ. ಗಮ್ಮೂ ಮುಟ್ಟಿಲ್ಲ."

"ಮತ್ತ ರಕ್ತ ಸುಳ್ಳು ಹೇಳತೈತೇನು?"

ಅವನು ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದ ಮಗಳಿಗೂ ಹೇಳಿದ್ದ. ಅವಳು ಫೋನ್ ಮಾಡಿದಳು. ನಾನು ಕನ್ನಡದಲ್ಲಿ ಅಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು: "ಅಮ್ಮಾ, ಇಟ್ಸ್ ಓಕೆ ಟು ಸ್ಲಿಪ್. ಜಸ್ಟ್ ಡೋಂಟ್ ಲೈ ಟು ಅಪ್ಪ." ನಾನು ಫೋನ್ ಇಟ್ಟುಬಿಟ್ಟೆ. ಇಡೀ ಜೀವಮಾನದಲ್ಲಿ ನಾನು ಅತಿ ಹೆಚ್ಚು ಕಷ್ಟಪಟ್ಟು ಮಾಡಿದ ಒಂದೇ ಒಂದು ಕೆಲಸವನ್ನು ನಾನು ಮಾಡೇ ಇಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರು.

ನಾನು ಲ್ಯಾಬಿನವಳು. ಅಳು ನಿಂತ ಮೇಲೆ, ನನ್ನ ಬಾಯಿಗೆ ಏನೇನು ಹೋಗಿದೆ ಎಂದು ಒಂದೊಂದಾಗಿ ತೆಗೆದುಹಾಕುತ್ತ ಬಂದೆ. ಕಾಫಿ, ನೋವಿನ ಮಾತ್ರೆ, ಕೆಮ್ಮಿನ ಔಷಧಿ. ಮಾರನೆಯ ಬೆಳಗ್ಗೆ ಅಭ್ಯಾಸಬಲದಿಂದ ಮೆಟ್ಟಿಲ ಮೇಲೆ ಕುಳಿತು ಪುಡಿ ತಿಕ್ಕಿದೆ. ಬಿಕ್ಕಳಿಕೆ ಬಂತು. ಬೆರಳು ಬಾಯಲ್ಲೇ ನಿಂತಿತು. ಗಮ್ ನುಂಗಿದಾಗ ಬಂದದ್ದೂ ಇದೇ ಬಿಕ್ಕಳಿಕೆ.

"ಅತ್ತೆ, ಇದರಲ್ಲಿ ಏನು ಹಾಕ್ತಾರೆ?"

"ತಂಬಾಕನವ್ವಾ" ಎಂದರು ಅತ್ತೆ, ಉಪ್ಪು ಎಂದಷ್ಟೇ ಸಲೀಸಾಗಿ. "ಹಂಚಿನ ಮ್ಯಾಲ ಕರ್ರಗ ಹುರದು ಪುಡಿ ಮಾಡತಾರ. ನಿನಗ ಗೊತ್ತೈತಿ ಅಂತನ ತಿಳಕೊಂಡಿದ್ದೆ."

"ನಂಗೆ ಹೇಗೆ ಗೊತ್ತಿರುತ್ತೆ ಅತ್ತೆ? ನಮ್ಮ ಕಡೆ ಇದಿಲ್ಲ. ನಾನು ಇದ್ದಿಲು ಅಂದ್ಕೊಂಡಿದ್ದೆ!"

ಎಷ್ಟು ಜೋರಾಗಿ ಕೂಗಿದೆನೆಂದರೆ ಬೇಲಿಯ ಮೇಲಿದ್ದ ಅಳಿಲು ಓಡಿತು. ಸಿಗರೇಟಿಗೆ, ಗಮ್ಮಿಗೆ, ಟೆಸ್ಟಿಗೆ, ರದ್ದಾದ ಆಪರೇಷನ್ನಿಗೆ ಎಲ್ಲಕ್ಕೂ ಸೇರಿಸಿ ಕೂಗಿದೆ. ಟೆಸ್ಟಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅವ್ವನ ಮುಂದೆ ಸಿಗರೇಟಿನ ಮಾತೇ ಎತ್ತಬಾರದೆಂಬುದು ಮಗನ ಕಟ್ಟಪ್ಪಣೆಯಲ್ಲವೆ? ಕೇಳುತ್ತ ಕೇಳುತ್ತ ಅತ್ತೆಯ ಮುಖ ಇಳಿಯಿತು.

"ನೀ ಸೇದೂದು ನನಗ ಮೊದಲಿಂದನೂ ಗೊತ್ತೈತಿ" ಎಂದರು. "ಬಿಟ್ಟ ಮ್ಯಾಲ ನಿನ್ನ ಸಂಕಟ ನೋಡಲಿಕ್ಕಾಗಲಿಲ್ಲ. ಅದಕ್ಕ ಕೊಟ್ಟೆ. ಅವಗ ಹೇಳಬ್ಯಾಡವ್ವಾ. ಅವ್ವ ತಂಬಾಕ ಕೊಟ್ಟು ಆಪರೇಷನ್ ಕೆಡಿಸಿದಳು ಅಂದ್ರ ಅವನ ಮಾರಿ ನಾ ಹೆಂಗ ನೋಡ್ಲಿ?"

ಆ ಮನೆಯಲ್ಲಿ ನನ್ನ ಸಂಕಟ ಕಂಡದ್ದು ಅವರೊಬ್ಬರಿಗೇ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಸುಮ್ಮನಿರುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಂದೇ ಸಂಜೆ ಗಂಡನಿಗೆ ಹೇಳಿದೆ.

ಅವನು ನಗಲಿಲ್ಲ, ಬೈಯಲಿಲ್ಲ. ತಣ್ಣಗೆ ಹೇಳಿದ: "ಅದು ಹಲ್ಲಿನ ಪುಡಿ. ನಮ್ಮ ಕಡೆ ಎಲ್ಲಾ ಹೆಣ್ಣಮಕ್ಕಳು ಹಚ್ಚತಾರ. ನಮ್ಮ ಆಯಿ ಹಚ್ಚತಿದ್ದಳು, ಅತ್ತ್ಯಾರು ಹಚ್ಚತಾರ. ನಿನ್ನ ತಪ್ಪು ಮುಚ್ಚಲಿಕ್ಕೆ ನಮ್ಮವ್ವನ್ನ ಯಾಕ ನಡುವ ತರತಿ?"

ಅತ್ತೆ ಸೋಫಾದ ತುದಿಯಲ್ಲಿ ಕುಳಿತು ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು. ನಾನು ಅವರ ಕಡೆ ನೋಡಿದೆ. ಅವರು ಫೋನಿನ ದನಿ ತಗ್ಗಿಸಿದರು. ಏನೋ ಹೇಳುತ್ತಾರೆ ಎಂದು ನಾನು ಕಾದೆ. ಮತ್ತೆ ದನಿ ಏರಿಸಿದರು.

ಅಲ್ಲಿಗೆ ಮುಗಿಯಿತು. ನಾನು ಪುಡಿ ಬಿಟ್ಟೆ. ಒಂದೇ ವರ್ಷದಲ್ಲಿ ಮೂರನೆಯ ಸಲ ಬಿಟ್ಟದ್ದು. ಮೆಟ್ಟಿಲ ಮೇಲೆ ಕೂರುವುದನ್ನೂ ಬಿಟ್ಟೆ. ಸರ್ಜನ್ ಆಫೀಸಿನವರು ಇನ್ನೊಂದು ಟೆಸ್ಟಿಗೆ ದಿನ ಕೊಟ್ಟರು. ಅಲ್ಲಿಯವರೆಗೆ ಗಂಡ ನಾನು ಹೊರಗಿಂದ ಬಂದಾಗಲೆಲ್ಲ ಹತ್ತಿರ ಬಂದು ಕೆನ್ನೆಗೆ ಮುತ್ತು ಕೊಡುವಂತೆ ಬಗ್ಗುತ್ತಿದ್ದ. ಮುತ್ತಲ್ಲ, ಮೂಸುತ್ತಿದ್ದ.

ಆರು ತಿಂಗಳಿಗೆಂದು ತಂದಿದ್ದ ಪುಡಿಯಲ್ಲಿ ಅರ್ಧ ನನ್ನ ವಸಡಿಗೆ ಹೋಗಿದ್ದರಿಂದ ಅತ್ತೆಯ ಡಬ್ಬಿ ಬೇಗ ಖಾಲಿಯಾಯಿತು. ಮೊದಲ ದಿನ ಅವರು ಡಬ್ಬಿಯ ಮೂಲೆಗಳನ್ನು ಬೆರಳಿನಿಂದ ಬಳಿದರು. ಮರುದಿನ ತಲೆನೋವು. ಆಮೇಲೆ ಹೊಟ್ಟೆ ಬಿಗಿ, ಊಟ ಬೇಡ, ನಿದ್ದೆಯಿಲ್ಲ. ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಕಣ್ಣಲ್ಲಿ ನೀರು ತಂದುಕೊಂಡರು. "ಅವ್ವಗ ಊರು ನೆನಪಾಗೈತಿ" ಎಂದ ಮಗ. ವಿಟಮಿನ್ ಮಾತ್ರೆ ತಂದ, ಸಮುದ್ರ ತೋರಿಸಲು ಕರೆದೊಯ್ದ. ನನಗೆ ಗೊತ್ತಿತ್ತು. ಆ ನಡುಕ, ಆ ಅಳು, ಎದ್ದು ನಾಲ್ಕು ಹೆಜ್ಜೆ ಹಾಕಿ ಯಾಕೆ ಎದ್ದೆನೆಂದು ಮರೆತು ನಿಲ್ಲುವುದು, ಎಲ್ಲ ನನ್ನವೇ. ಡ್ರಾಯರಿನಲ್ಲಿ ಉಳಿದಿದ್ದ ಗಮ್ ಒಂದನ್ನು ತೆಗೆದುಕೊಟ್ಟೆ. ಅವರಿಗಿದ್ದ ನಾಲ್ಕು ಹಲ್ಲಿಗೆ ಅದು ಅಂಟಿಕೊಂಡಿತು. "ಇದೇನವ್ವಾ, ಸೈಕಲ್ಲಿನ ಟ್ಯೂಬು" ಎಂದು ಉಗುಳಿದರು. ಆ ದಿನಗಳಲ್ಲಿ ನಾವಿಬ್ಬರೂ ನಕ್ಕದ್ದು ಅದೊಂದೇ ಸಲ.

ಒಂದು ಶನಿವಾರ ಬೆನ್ನುನೋವಿಗೆ ನಾನು ನಡುಮನೆಯ ನೆಲದ ಮೇಲೆ ಮಲಗಿದ್ದೆ. ಪಕ್ಕದ ಕೋಣೆಯಲ್ಲಿ ಗಂಡ ಇಂಡಿಯನ್ ಅಂಗಡಿಗಳಿಗೆ ಒಂದಾದ ಮೇಲೊಂದು ಫೋನ್ ಮಾಡುತ್ತಿದ್ದ.

"ಹಲೋ, ಡು ಯು ಹ್ಯಾವ್ ಮಿಶ್ರಿ? ನೋ ನೋ, ನಾಟ್ ಶುಗರ್. ರೋ‌ಸ್ಟೆಡ್ ಟೊಬ್ಯಾಕೊ. ಟೊಬ್ಯಾಕೊ ಪೌಡರ್. ಫಾರ್ ಟೀತ್."

ನಾನು ಕಣ್ಣು ಮುಚ್ಚಿಕೊಂಡೇ ಕೇಳಿದೆ. ಅವನು ಇನ್ನೊಂದು ಅಂಗಡಿಗೂ ಅದನ್ನೇ ಹೇಳಿದ, ಟೊಬ್ಯಾಕೊ ಎಂಬ ಮಾತನ್ನು ಬಿಡಿಸಿ ಬಿಡಿಸಿ, ಚೂರೂ ತೊದಲದೆ. ಅವನು ಹೊರಗೆ ಬಂದಾಗ, "ಏನು ಹುಡುಕ್ತಿದ್ದೀಯ?" ಎಂದೆ.

"ಅವ್ವನ ಹಲ್ಲಿನ ಪುಡಿ" ಎಂದು ಕಾರಿನ ಕೀ ತೆಗೆದುಕೊಂಡ.

ಲಾಸ್ ಏಂಜಲೀಸ್ ಕಡೆಯ ಅಂಗಡಿಗಳನ್ನೆಲ್ಲ ಸುತ್ತಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ, ಸಂಜೆ ಬಂದ. ಪುಡಿ ಸಿಕ್ಕಿರಲಿಲ್ಲ. ಸಿಗರೇಟು ಅಂಗಡಿಯಿಂದ ಬಿಡಿ ತಂಬಾಕಿನ ಪೊಟ್ಟಣ ತಂದಿದ್ದ. ನಾನು ಜೊತೆಗಿದ್ದಾಗ ಇಂಥ ಅಂಗಡಿಯ ಮುಂದೆ ಕಾರು ನಿಲ್ಲಿಸಲೂ ಒಪ್ಪದಿದ್ದವನು. ಅಡುಗೆಮನೆಗೆ ಹೋಗಿ, ನಾನು ಚಪಾತಿ ಮಾಡುವ ಕಬ್ಬಿಣದ ಹಂಚನ್ನು ಒಲೆಯ ಮೇಲಿಟ್ಟು, ತಂಬಾಕನ್ನು ಸುರಿದು, ಮರದ ಸೌಟಿನಿಂದ ಹುರಿಯತೊಡಗಿದ. ಕೈಚಳಕ ನೋಡಿದರೆ ಚಿಕ್ಕಂದಿನಿಂದ ನೋಡಿ ಕಲಿತದ್ದು ಎಂದು ಗೊತ್ತಾಗುತ್ತಿತ್ತು. ಹೊಗೆ ಎದ್ದಿತು. ನನ್ನ ಅರ್ಧ ಮೂಗಿಗೂ ಅದು ಸಿಕ್ಕಿತು. ಎಷ್ಟೋ ಕಾಲವಾದ ಮೇಲೆ ಬಂದ ವಾಸನೆ, ಅದೂ ನನ್ನ ಮನೆಯ ಒಳಗೆ. ಮೈಯೆಲ್ಲ ಅದರ ಕಡೆಗೆ ವಾಲಿತು. ಇನ್ನೊಂದು ನಿಮಿಷ ಅಲ್ಲಿದ್ದರೆ ಪೊಟ್ಟಣದಲ್ಲಿ ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಸೇದಿಬಿಡುತ್ತಿದ್ದೆ. ಟೆಸ್ಟಿಗೆ ನಾಲ್ಕೇ ದಿನವಿತ್ತು.

ಅಷ್ಟರಲ್ಲಿ ಛಾವಣಿಯ ಅಲಾರಂ ಹೊಡೆದುಕೊಳ್ಳತೊಡಗಿತು. 'ಫೈರ್, ಫೈರ್' ಎಂದು ಅದರೊಳಗಿನ ಹೆಂಗಸು ಕಿರುಚಿದಳು. ಅತ್ತೆ ಕೋಣೆಯಿಂದ ಗೋಡೆ ಹಿಡಿದುಕೊಂಡು ಬಂದರು. ಹೊಗೆಯಲ್ಲಿ ನಿಂತ ಮಗನನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಅಲಾರಂನ ಗಲಾಟೆಯಲ್ಲಿ ಕೇಳಿಸುವಂತೆ ಜೋರಾಗಿಯೇ ಹೇಳಿದರು:

"ನೀ ಹೊರಗ ಹೋಗವ್ವಾ. ಇದು ತಂಬಾಕಿನ ಹೊಗಿ. ಆಗ ನನ್ನ ಪುಡಿಯಿಂದ ಆದಂಗ ಈಗ ಮತ್ತ ನಿನ್ನ ಟೆಸ್ಟು ಕೆಟ್ಟೀತು."

ಮಗನ ಮುಂದೆಯೇ ಹೇಳಿದರು. ಅವನು ಕೇಳಿಸಿಕೊಂಡ. ಸೌಟು ಅರೆಗಳಿಗೆ ನಿಂತದ್ದನ್ನು ನಾನು ನೋಡಿದೆ. ಈಗ ತಿರುಗುತ್ತಾನೆ, ಏನಾದರೂ ಒಂದು ಮಾತು ಹೇಳುತ್ತಾನೆ ಎಂದು ಕಾದೆ. ಅವನು ಹಂಚಿನ ಕಡೆಯೇ ನೋಡುತ್ತ, "ಹೊತ್ತತೈತಿ" ಎಂದು ಮತ್ತೆ ಕೈಯಾಡಿಸತೊಡಗಿದ.

ನಾನು ಗ್ಯಾರೇಜಿನ ಬಾಗಿಲಿನಿಂದ ಹೊರಗೆ ಬಂದೆ. ನಿಲ್ಲಲು ಬೇರೆ ಜಾಗ ಹೊಳೆಯಲಿಲ್ಲ. ಹಸಿರು ಡಬ್ಬಿಗೂ ಬೇಲಿಗೂ ನಡುವೆ ಹೋಗಿ ನಿಂತೆ. ಕೈಯಲ್ಲಿ ಏನೂ ಇರಲಿಲ್ಲ, ಎಡಗಾಲು ಜೋಮು ಹಿಡಿಯುತ್ತಿತ್ತು. ಅಡುಗೆಮನೆಯ ಕಿಟಕಿಯಿಂದ ಹೊಗೆ ನೀಲಗಿರಿ ಮರಗಳ ಕಡೆ ಹೋಗುತ್ತಿತ್ತು.

ನಾಲ್ಕು ದಿನದ ಮೇಲೆ ಟೆಸ್ಟು ಸರಿ ಬಂತು, ಆಮೇಲೆ ಆಪರೇಷನ್ನೂ ಆಯಿತು, ಮೂಳೆಯೂ ಕೂಡಿತು. ಮಗಳಿಗೆ ಅವನು, "ಕಡೀಗೂ ಬಿಟ್ಟಳು ನೋಡು ನಿಮ್ಮಮ್ಮ" ಎಂದು ಹೇಳಿದನಂತೆ. ಈಗ ನಾನು ಗಂಟೆಗಟ್ಟಲೆ ನಿಲ್ಲಬಲ್ಲೆ. ಅವತ್ತು ಮಾತ್ರ ಬೇಲಿ ಹಿಡಿದುಕೊಂಡು ನಿಂತಿದ್ದೆ.

ಅಲಾರಂ ನಿಂತ ಸ್ವಲ್ಪ ಹೊತ್ತಿಗೆ ಅವನು ಖಾಲಿ ಪೊಟ್ಟಣವನ್ನು ಎಸೆಯಲು ಹೊರಗೆ ಬಂದ. ಅಂಗಿಯೆಲ್ಲ ಹೊಗೆ, ಕೂದಲೆಲ್ಲ ಹೊಗೆ. ನಾನು ಅಲ್ಲಿರುತ್ತೇನೆಂದು ಅವನು ಎಣಿಸಿರಲಿಲ್ಲ. ಕಪ್ಪು ಡಬ್ಬಿಯ ಮುಚ್ಚಳ ಎತ್ತಿ, ಪೊಟ್ಟಣ ಹಾಕಿ, ಮುಚ್ಚಿದ.

"ಆತು" ಎಂದ. "ಒಳಗ ಬಾ."

"ಮೊದಲು ನೀನು ತಲೆ ತೊಳ್ಕೊ" ಎಂದೆ. "ಎರಡು ಸಲ ಶಾಂಪೂ ಹಾಕು."

ಅವನು ಒಳಗೆ ಹೋದ. ಬಚ್ಚಲುಮನೆಯ ಕಿಟಕಿ ಆ ಸಂದಿನ ಮೇಲೆಯೇ ಇದೆ, ಒಳಗೆ ನೀರು ಬಿಟ್ಟರೆ ಕೇಳಿಸುತ್ತದೆ. ನಾನು ಬಹಳ ಹೊತ್ತು ನಿಂತು ಕಾದೆ. ನೀರಿನ ಸದ್ದು ಬರಲಿಲ್ಲ.